ವಕೀಲರೂ ಕರಾರುಪತ್ರವೂ

ನಮ್ಮ ತಾಲ್ಲೂಕು ಕೇಂದ್ರಗಳ ನ್ಯಾಯಾಲಯಗಳಲ್ಲಿ ಒಬ್ಬೊಂಟಿಗರಾಗಿ ವೃತ್ತಿ ನಡೆಸುವ ವಕೀಲರು ಬಹುಮಂದಿ. ಮನೆಯ ಮುಂದಿನ ಕೊಠಡಿಯೇ ಅವರ ಕಛೇರಿ. ಒಬ್ಬ ಗುಮಾಸ್ತನಿದ್ದರೆ ಅದೇ ಭಾಗ್ಯ. ಅಹವಾಲು ಕೇಳುವವರೂ ದಾವಾ ಬರೆಯುವವರೂ ಲೆಕ್ಕ ಇಡುವವರೂ ಅವರೇ. ಇಂಥವರಿಗೂ ಅವರನ್ನು ನಂಬಿ ಬರುವ ಕಕ್ಷಿಗಾರನಿಗೂ ನಡುವೆ ಫೀಜಿನ ವ್ಯವಹಾರವು ಬರಿಯ ಬಾಯಿಮಾತಿನಲ್ಲಿ ಮುಗಿಯುವುದುಂಟು. ಈ ಪದ್ಧತಿ ಇಬ್ಬರಿಗೂ ಹಾನಿಕರವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ವಕಾಲತ್ತಿಗೆ ಸಹಿ ಬಿದ್ದಮೇಲೆ ಬೇರೆ ಕಾಗದವೇಕೆಂದು ಕೇಳುವವರುಂಟು. ವಕಾಲತ್ತು ಕಕ್ಷಿಗಾರನ ಪರವಾಗಿ ನಡೆಯಲು ಕೊಟ್ಟ ಅಧಿಕಾರ ಮಾತ್ರ. ಪಾಲುವಿಭಾಗದ ದಾವೆಯನ್ನೇ ನೋಡಿರಿ. ಮೊದಲು ಪ್ರಾಥಮಿಕ ಡಿಕ್ರಿ. ಬಳಿಕ ಜಮೀನನ್ನು ಅಳೆದು ಹಂಚಿಕೊಡುವ ಅಂತಿಮ ಡಿಕ್ರಿಯ ನಡವಳಿ. ಮೊದಲನೆಯದು ಬಂದೊಡನೆ ಕೆಲಸ ಮುಗಿಯಿತೆಂದು ರೈತನು ಭಾವಿಸುತ್ತಾನೆ. ಎರಡನೆಯದಕ್ಕೆ ವಕೀಲರು ಫೀಜು ಕೇಳಿದರೆ ಮೋಸವೆಂದು ಬಗೆಯುತ್ತಾನೆ. ಮೋಸ ಯಾರದೂ ಅಲ್ಲ. ಮೊದಲೇ ಬರೆದಿಡದ ತಪ್ಪು ಅದು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯ ಕಹಿಯನ್ನು ಈ ಅಸ್ಪಷ್ಟತೆಯು ಮತ್ತಷ್ಟು ಹೆಚ್ಚಿಸುತ್ತದೆ.

ಕಾನೂನು ಒಪ್ಪಂದಕ್ಕೆ ಅಡ್ಡಿಯಾಗಿಲ್ಲ. ವಕೀಲನು ಖಾಸಗಿ ಕರಾರಿನಿಂದ ಫೀಜನ್ನು ಗೊತ್ತುಮಾಡಿಕೊಳ್ಳಬಹುದೆಂದು 1926ರ ಶಾಸನವೇ ವಿಧಿಸಿತು. ಆದರೆ ಮೇರೆಯೂ ಉಂಟು. ಗೆದ್ದರೆ ಇಷ್ಟು ಪಾಲು ಎಂಬ ಕರಾರು ವೃತ್ತಿದ್ರೋಹವೆಂದು ಸರ್ವೋಚ್ಚ ನ್ಯಾಯಾಲಯವು 1954ರಲ್ಲೇ ಸಾರಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಅದನ್ನು ನಿಷೇಧಿಸಿವೆ. ತೆಲಂಗಾಣದ ಮೋಟಾರು ಅಪಘಾತದ ಪರಿಹಾರದಲ್ಲಿ ಶೇಕಡಾವಾರು ಫೀಜು ಕೇಳಿದ ಪ್ರಕರಣದಲ್ಲಿ 2017ರಲ್ಲಿ ಅದೇ ನ್ಯಾಯಾಲಯವು ಅದನ್ನು ಪುನಃ ಖಂಡಿಸಿತು.

ಫೀಜು ಬಾಕಿಯಿದೆಯೆಂದು ಕಕ್ಷಿಗಾರನ ಕಾಗದಪತ್ರಗಳನ್ನು ತಡೆಹಿಡಿಯುವ ಹಕ್ಕು ವಕೀಲನಿಗಿಲ್ಲವೆಂದು 2000ದಲ್ಲಿ ತೀರ್ಪಾಯಿತು. ಹಾಗಾದರೆ ದುಡಿದ ವಕೀಲನಿಗೆ ಗತಿಯೇನು? ಬರೆದಿಟ್ಟ ಕರಾರೇ ಗತಿ. ಇತ್ತ ವಕೀಲರ ಸೇವೆಯು ಗ್ರಾಹಕ ಸಂರಕ್ಷಣಾ ಶಾಸನಕ್ಕೆ ಒಳಪಡದೆಂದು 2024ರಲ್ಲಿ ನಿರ್ಣಯವಾಯಿತು. ನೊಂದ ಕಕ್ಷಿಗಾರನು ವಕೀಲರ ಪರಿಷತ್ತಿಗಾಗಲಿ ಸಿವಿಲ್ ನ್ಯಾಯಾಲಯಕ್ಕಾಗಲಿ ಹೋಗಬೇಕು. ಅಲ್ಲಿ ಅವನು ತೋರಿಸಬಹುದಾದ ಆಧಾರವೂ ಆ ಕಾಗದವೇ.

ಕರಾರು ದೊಡ್ಡದಾಗಬೇಕಾಗಿಲ್ಲ. ಒಪ್ಪಿಕೊಂಡ ಕೆಲಸ ಯಾವುದು, ಎಲ್ಲಿಗೆ ಮುಗಿಯುತ್ತದೆ, ಅಪೀಲು ಸೇರಿದೆಯೇ ಇಲ್ಲವೇ, ಫೀಜು ಎಷ್ಟು, ಯಾವ ಕಂತಿನಲ್ಲಿ, ಕೋರ್ಟು ಫೀಜು, ನಕಲು, ಕಮಿಷನರರ ಖರ್ಚು ಯಾರದು, ನಡುವೆ ಬಿಟ್ಟರೆ ಹಿಂದಿರುಗಿಸತಕ್ಕ ಹಣವೆಷ್ಟು, ಇಷ್ಟು ಸಾಕು. ಸಾಕಷ್ಟು ಕಾರಣವೂ ಮುನ್ಸೂಚನೆಯೂ ಇಲ್ಲದೆ ಕೆಲಸ ಬಿಡಬಾರದು, ಗಳಿಸದ ಫೀಜನ್ನು ಹಿಂದಿರುಗಿಸಬೇಕು, ಕಕ್ಷಿಗಾರನಿಂದ ಪಡೆದ ಹಣಕ್ಕೆ ಲೆಕ್ಕವಿಡಬೇಕು ಎಂದು ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಕರಾರು ಸರಳ ಕನ್ನಡದಲ್ಲಿರಲಿ. ಓದಲಾರದವನಿಗೆ ಓದಿ ಹೇಳಲಿ. ಒಂದು ಪ್ರತಿ ಅವನ ಕೈಯಲ್ಲಿರಲಿ. ತಿಳಿಯದ ಭಾಷೆಯ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು ಸಮ್ಮತಿಯೆನಿಸದು.

ಕಾಗದ ಕೇಳಿದರೆ ವಿಶ್ವಾಸ ಕೆಡುವುದೆಂದು ಕೆಲವರ ಅಂಜಿಕೆ. ಕಕ್ಷಿಗಾರನಿಗೆ ಸಾಲಪತ್ರವನ್ನೂ ಗೇಣಿಚೀಟಿಯನ್ನೂ ಬರೆಯಿಸಿಟ್ಟುಕೊಳ್ಳೆಂದು ಬುದ್ಧಿ ಹೇಳುವ ವಕೀಲರು ತಮ್ಮ ವಿಷಯದಲ್ಲಿ ಮಾತ್ರ ಅದನ್ನು ಬೇಡವೆನ್ನುವುದು ಸರಿಯೇ? ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ಕನ್ನಡದ ಮಾದರಿಯೊಂದನ್ನು ಅಚ್ಚುಹಾಕಿಸಿ ಪ್ರತಿಯೊಂದು ತಾಲ್ಲೂಕಿನ ವಕೀಲರ ಸಂಘಕ್ಕೂ ತಲಪಿಸಲಿ. ಕಕ್ಷಿಗಾರರೂ ಸಂಕೋಚ ಬಿಟ್ಟು ಕರಾರನ್ನು ಕೇಳಲಿ, ಕೊಟ್ಟ ಹಣಕ್ಕೆ ರಸೀತಿಯನ್ನು ಪಡೆಯಲಿ. ನ್ಯಾಯವನ್ನು ಅರಸಿ ಬಂದವನಿಗೆ ಮೊದಲ ನ್ಯಾಯವು ವಕೀಲರ ಕೊಠಡಿಯಲ್ಲಿಯೇ ದೊರೆಯತಕ್ಕದ್ದು.