ತೆಂಗಿನ ಮರದ ನೆರಳು

ನಮ್ಮನೆಯ ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ ಒಂದು ಹಳೇ ತೆಂಗಿನ ಮರ ಇದೆ. ನನ್ನ ಅಮ್ಮ ನೆಟ್ಟದ್ದು. ಕಳೆದ ಮಳೆಗಾಲದ ಗಾಳಿಗೆ ಅದು ತೂಗಾಡಿದ್ದನ್ನು ನೋಡಿದ ಮೇಲೆ ಪಕ್ಕದ ಮನೆಯವರು, "ಬಿದ್ದರೆ ನಮ್ಮ ಹಂಚಿನ ಮೇಲೇ ಬೀಳುತ್ತೆ ಮೇಷ್ಟ್ರೇ, ಕಡಿಸಿಬಿಡಿ" ಅನ್ನುತ್ತಲೇ ಇದ್ದರು. ಅವರ ಭಯ ತಪ್ಪಲ್ಲ. ಆದರೆ ನನಗೆ ಮನಸ್ಸು ಬರಲಿಲ್ಲ.

ಗಣರಾಜ್ಯೋತ್ಸವದ ರಜೆಗೆ ಬಂದಿದ್ದ ಮೊಮ್ಮಗಳು ಈ ಮಾತು ಕೇಳಿಸಿಕೊಂಡಳು. ಐದನೇ ತರಗತಿ. "ಅಜ್ಜ, ಮರ ಎಷ್ಟು ಅಡಿ ಇದೆ?" ಅಂದಳು. ನನಗೆ ಗೊತ್ತಿರಲಿಲ್ಲ! ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಅನುಪಾತದ ಲೆಕ್ಕ ಮಾಡಿಸಿದವನು ನಾನು. ಒಂದು ದಿನವೂ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಒಂದು ಮರ ಅಳೆಸಿರಲಿಲ್ಲ.

ಸರಿ, ಮೂರು ಅಡಿಯ ನೇರ ಕೋಲೊಂದನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿದೆವು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ವಾಲಿಲ್ಲ ಎಂದು ನೋಡಿಕೊಂಡೆವು. ನೆರಳಿನ ತುದಿಗೆ ಆಗಾಗ ಒಂದೊಂದು ಹರಳು ಇಡುವುದು ಅವಳ ಕೆಲಸ. ಗಡಿಯಾರದಲ್ಲಿ ಹನ್ನೆರಡಾದಾಗ ನೆರಳು ಅತಿ ಚಿಕ್ಕದಾಗುತ್ತದೆ ಎಂದು ಅವಳು ಹೇಳಿದಳು. ನಾನೂ ತರಗತಿಯಲ್ಲಿ ಹಾಗೇ ಹೇಳಿದ್ದೆ. ಹರಳುಗಳು ಒಪ್ಪಲಿಲ್ಲ. ಅತಿ ಚಿಕ್ಕ ನೆರಳು ಬಿದ್ದದ್ದು ಹನ್ನೆರಡೂ ಮುಕ್ಕಾಲರ ಸುಮಾರಿಗೆ. ನಮ್ಮ ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ. ಸಾಗರದ ಕಡೆಯ ನಮ್ಮೂರು ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ. ಸೂರ್ಯ ನಮ್ಮಲ್ಲಿ ನಡುನೆತ್ತಿಯ ಸಾಲಿಗೆ ಬರುವುದು ತಡವಾಗಲು ಮುಖ್ಯ ಕಾರಣ ಅದೇ.

ಆ ಹೊತ್ತಿಗೆ ಕೋಲಿನ ನೆರಳು ಎರಡು ಅಡಿ. ಮರದ ನೆರಳನ್ನು ಬುಡದಿಂದ ಟೇಪು ಹಿಡಿದು ಅಳೆದರೆ 36 ಅಡಿ. ಸೂರ್ಯ ಅಷ್ಟು ದೂರ ಇರುವುದರಿಂದ ಬಿಸಿಲು ಕೋಲಿಗೂ ಮರಕ್ಕೂ ಒಂದೇ ಓರೆಯಲ್ಲಿ ಬೀಳುತ್ತದೆ ಎಂದೆ. ಅವಳು ನೆಲದ ಮೇಲೆ ಗೀಚಿ, "ಎರಡಕ್ಕೆ ಮೂರು, 36ಕ್ಕೆ 54!" ಅಂದಳು. 'ಅನುಪಾತ' ಎಂಬ ಪದ ಅವಳಿಗಿನ್ನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಊಟ ಮುಗಿಸಿ ಇನ್ನೊಂದು ಸಲ ನೋಡಿದೆವು. ಎರಡೂ ಮುಕ್ಕಾಲರ ಹೊತ್ತಿಗೆ ಕೋಲಿನ ನೆರಳು ಕೋಲಿನಷ್ಟೇ ಉದ್ದವಾಯಿತು. ಆಗ ಮರದ ನೆರಳೂ ಮರದಷ್ಟೇ ಇರಬೇಕು, ಗುಣಾಕಾರವೇ ಬೇಡ. ಗ್ರೀಸಿನ ಥೇಲ್ಸ್ ಪಿರಮಿಡ್ಡಿನ ಎತ್ತರ ಅಳೆದದ್ದು ಹೀಗೇ ಎಂದು ಕಥೆ ಇದೆ. ನಮಗೆ ಸಿಕ್ಕಿದ್ದು ಐವತ್ತಮೂರೂವರೆ. ಪುಟ್ಟಿಯ ಮುಖ ಬಾಡಿತು. "ಯಾವುದು ಸರಿ ಅಜ್ಜ?" ಗರಿಯ ತುದಿಯ ನೆರಳು ಮಸುಕು, ಅದು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಅರ್ಧ ಅಡಿ ಆಚೀಚೆ ಆಗಿಯೇ ಆಗುತ್ತದೆ ಎಂದೆ. ಪರೀಕ್ಷೆಯ ಹಾಳೆಯಲ್ಲಾಗಿದ್ದರೆ ನಾನೇ ಕೆಂಪು ಗೀಟು ಹಾಕುತ್ತಿದ್ದೆನೇನೋ.

ಕೊನೆಗೆ ಮರದ ಬುಡದಿಂದ ಪಕ್ಕದ ಮನೆಯ ಗೋಡೆಗೆ ಟೇಪು ಎಳೆದೆವು. 62 ಅಡಿ. ಪಕ್ಕದ ಮನೆಯವರು ಬಂದು ಟೇಪಿನ ಇನ್ನೊಂದು ತುದಿ ತಾವೇ ಹಿಡಿದರು. ಮರ ಬುಡಸಮೇತ ಅವರ ಕಡೆಗೇ ಉರುಳಿದರೂ ಹಂಚಿಗೆ ಮುಟ್ಟುವುದಿಲ್ಲ. ಇನ್ನೊಂದು ದಿಕ್ಕಿಗೆ ಬಿದ್ದರೆ ನಮ್ಮದೇ ಬಚ್ಚಲುಮನೆ ಹೋಗುತ್ತದೆ, ಆ ಮಾತು ಬೇರೆ.

ಅವರು ಮರದ ತಲೆಯನ್ನೇ ನೋಡುತ್ತಾ ನಿಂತರು. "ಇನ್ನೂ ಬೆಳೆಯುತ್ತಲ್ಲ ಮಗಾ?" ಎಂದರು.

ಅವಳು ಒಳಗೆ ಓಡಿ ಇದ್ದಿಲು ತಂದು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಳು: ಜನವರಿ 26, 54 ಅಡಿ. ಕೆಳಗೆ ಮುಂದಿನ ವರ್ಷಕ್ಕೆಂದು ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದಾಳೆ.