ಏರಿಯೂ ಬೇಕು, ತೂಬೂ ಬೇಕು

ಪತ್ರಿಕೆಗಳು ಅಂತರ್ಜಾಲದಲ್ಲಿ ಸುದ್ದಿ ಓದುವವರಿಂದ ಹಣ ಕೇಳತೊಡಗಿವೆಯೆಂದು ವಿದ್ಯಾವಂತರಲ್ಲಿ ಈಗ ದೊಡ್ಡ ಗೊಣಗಾಟ ನಡೆದಿದೆ. ನಾಲ್ಕು ಸಾಲು ಓದುವಷ್ಟರಲ್ಲಿ ಲೇಖನ ಮಸುಕಾಗಿ, ಮುಂದೆ ಓದಬೇಕಾದರೆ ಚಂದಾ ಕಟ್ಟಿರಿ ಎಂಬ ಸೂಚನೆ ಮೂಡಿತೋ, ನಮ್ಮವರಿಗೆ ಕೂಡಲೆ ಪ್ರಜಾಪ್ರಭುತ್ವದ ನೆನಪಾಗುತ್ತದೆ. ಸುದ್ದಿಯನ್ನು ಮಾರಬಹುದೆ? ಬಡವನ ಗತಿ ಏನು? ಹೀಗೆ ಕೇಳತಕ್ಕವರು ಬಹುಮಟ್ಟಿಗೆ ತಿಂಗಳ ಸಂಬಳ ತಪ್ಪದೆ ಬರುವ ನನ್ನಂಥ ಮೇಷ್ಟ್ರುಗಳು, ಅಧಿಕಾರಿಗಳು, ವಕೀಲರು. ಬಡವನು ಈ ಚರ್ಚೆಯಲ್ಲಿ ಬಾಯಿ ತೆರೆದುದನ್ನು ನಾನಂತೂ ಕಾಣೆ. ಅವನ ಪರವಾಗಿ ವಕಾಲತ್ತು ವಹಿಸಿದವರೇ ಎಲ್ಲ.

ಈ ಗೊಣಗಾಟದಲ್ಲಿ ಮುಕ್ಕಾಲು ಪಾಲು ಅನ್ಯಾಯ, ಕಾಲು ಪಾಲು ನ್ಯಾಯ ಇದೆಯೆಂಬುದು ನನ್ನ ಮತ. ಎರಡನ್ನೂ ಬೇರ್ಪಡಿಸಿ ನೋಡುವುದು ಒಳ್ಳೆಯದು.

ಸುದ್ದಿ ಎಂದೂ ಬಿಟ್ಟಿಯಾಗಿರಲಿಲ್ಲ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ'ವನ್ನೂ ಓದುಗರು ಬೆಲೆ ಕೊಟ್ಟೇ ಕೊಂಡರು. ಆದರೆ ಕೊಟ್ಟ ಬೆಲೆ ಪತ್ರಿಕೆಯ ಪೂರ್ಣ ವೆಚ್ಚವಲ್ಲವೆಂಬುದು ನಿಜ. ಪುಣೆಯ ಮರಾಠಿ ದೈನಿಕ 'ಸಕಾಳ್'ನ ಮೊಕದ್ದಮೆಯನ್ನು ನೋಡಿರಿ. ಇಷ್ಟು ಪುಟಕ್ಕೆ ಇಂತಿಷ್ಟೇ ಬೆಲೆಯೆಂದು ಕೇಂದ್ರ ಸರ್ಕಾರ 1956ರ ಒಂದು ಕಾನೂನು, 1960ರ ಒಂದು ಆಜ್ಞೆಗಳ ಮೂಲಕ ಗೊತ್ತುಮಾಡಲು ಹೊರಟಿತು. ಆಗ ಆ ಪತ್ರಿಕೆಯ ಬೆಲೆ 7 ನಯೇಪೈಸೆ. ಅದರ ಜಾಗದಲ್ಲಿ ಸುಮಾರು ಶೇಕಡ 40 ಜಾಹೀರಾತು. ಬೆಲೆ ಬಲವಂತವಾಗಿ ಏರಿದರೆ ಓದುಗರು ಕುಗ್ಗುತ್ತಾರೆ, ಅದು ವಾಕ್ ಸ್ವಾತಂತ್ರ್ಯಕ್ಕೇ ಭಂಗ ಎಂದು 1961ರಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಳೆಯನ್ನು ತಳ್ಳಿಹಾಕಿತು. ಬಿಟ್ಟಿ ಸುದ್ದಿಯ ವಕೀಲರು ಈ ತೀರ್ಪನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಆದರೆ ನ್ಯಾಯಾಲಯ ಹೇಳಿದ್ದು ಸರ್ಕಾರ ಬೆಲೆ ಕಟ್ಟಕೂಡದೆಂದು. ಓದುಗ ಬೆಲೆ ಕೊಡಬೇಕಾಗಿಲ್ಲವೆಂದಲ್ಲ. ಓದುಗ ಕೊಡದೆ ಉಳಿಸಿದ ಕಾಸನ್ನು ಜಾಹೀರಾತುದಾರ ಕೊಡುತ್ತಿದ್ದನೆಂಬ ಗುಟ್ಟೂ ಅದೇ ಮೊಕದ್ದಮೆಯಲ್ಲಿದೆ.

ಆ ಜಾಹೀರಾತು ಈಗ ಎಲ್ಲಿಗೆ ಹೋಯಿತು? ಗೂಗಲ್ಲಿಗೆ, ಫೇಸ್‌ಬುಕ್ಕಿಗೆ ಹೋಯಿತು. ಸುದ್ದಿ ಹುಡುಕಿ ಬರೆಯುವವರು ಪತ್ರಿಕೆಯವರು. ಅದರ ಪಕ್ಕದ ಜಾಹೀರಾತಿನ ಹಣದಲ್ಲಿ ದೊಡ್ಡ ಪಾಲು ಬೇರೆಯವರದು. ಭಾರತದ ಪ್ರಕಾಶಕರ ದೂರಿನ ಮೇಲೆ ಸ್ಪರ್ಧಾ ಆಯೋಗ ಗೂಗಲ್ಲಿನ ಮೇಲೆ ತನಿಖೆಗೆ ಆಜ್ಞೆ ಮಾಡಿದ್ದು 2022ರ ಜನವರಿಯಲ್ಲಿ. ಆಸ್ಟ್ರೇಲಿಯ 2021ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಇವೆಲ್ಲ ಆಗುವ ಮೊದಲೇ, 2011ರ ಮಾರ್ಚಿಯಲ್ಲಿ, 'ನ್ಯೂಯಾರ್ಕ್ ಟೈಮ್ಸ್' ತಿಂಗಳಿಗೆ 20 ಲೇಖನಗಳ ಆಚೆಗೆ ಓದುವವರಿಂದ ಚಂದಾ ಕೇಳಿತು. ನಮ್ಮ ದೇಶದ ಪತ್ರಿಕೆಗಳು ಅದೇ ದಾರಿಯನ್ನು ತಡವಾಗಿ ಹಿಡಿದವು.

ತಡವಾದುದಕ್ಕೆ ಪ್ರಕಾಶಕರೂ ಹೊಣೆ. 1990ರ ದಶಕದಲ್ಲಿ 'ಟೈಮ್ಸ್ ಆಫ್ ಇಂಡಿಯಾ' ದೆಹಲಿಯಲ್ಲಿ ಬೆಲೆ ಇಳಿಸಿ ಹೂಡಿದ ದರಸಮರ, ಪತ್ರಿಕೆಯೆಂದರೆ ಅಗ್ಗದ ಸರಕೆಂಬ ಭಾವನೆಯನ್ನು ಓದುಗನ ತಲೆಯಲ್ಲಿ ಬೇರೂರಿಸಿತು. ಅಂತರ್ಜಾಲ ಬಂದಾಗ ಅದೂ ಸಾಲದೆಂದು ಪೂರ್ತಿ ಬಿಟ್ಟಿಯಾಗಿ ಹಂಚಿದರು. ಇಪ್ಪತ್ತು ವರ್ಷ ಬಿಟ್ಟಿ ಉಣಬಡಿಸಿ, ಈಗ ಎಲೆಯ ಮುಂದೆ ತಟ್ಟೆಹಿಡಿದು ನಿಂತರೆ ಉಣ್ಣುವವನಿಗೆ ಸಿಟ್ಟು ಬರುವುದು ಸಹಜವೇ. ಸಹಜವಾದುದೆಲ್ಲ ನ್ಯಾಯವಾಗಬೇಕಾಗಿಲ್ಲ.

ಓದುಗ ಹಣ ಕೊಡುವುದರಿಂದ ಪತ್ರಿಕೆಗೆ ಏನಾಗುತ್ತದೆಂಬುದಕ್ಕೆ ಹೊರದೇಶದ ಉದಾಹರಣೆ ಬೇಡ. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ 'ಲಂಕೇಶ್ ಪತ್ರಿಕೆ' ಜಾಹೀರಾತನ್ನೇ ಮುಟ್ಟಲಿಲ್ಲ. ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡ ಓದುಗನ ಬಲದ ಮೇಲೆಯೇ ನಿಂತಿತು. ಅದರ ಮಾತನ್ನು ಒಪ್ಪದವರೂ ಇದ್ದರು. ಆದರೆ ಅದು ಯಾರ ಋಣದಲ್ಲಿದೆಯೆಂದು ಹುಡುಕಿದವರಿಗೆ ಓದುಗನ ಹೊರತು ಯಾರೂ ಸಿಕ್ಕಲಿಲ್ಲ. ಸುದ್ದಿಯನ್ನು ಬಿಟ್ಟಿಯಾಗಿ ಪಡೆಯುವವನು ಗಿರಾಕಿಯಲ್ಲ. ಜಾಹೀರಾತುದಾರನಿಗೆ ತಲೆಯೆಣಿಸಿ ಒಪ್ಪಿಸುವ ಮಂದೆಯಲ್ಲಿ ಅವನೂ ಒಂದು ತಲೆ.

ಇನ್ನು ನನ್ನ ಊರಿನ ಮಾತು. ನಾನು ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಕಡೆಯವನು. ನಮ್ಮದು ಅಡಿಕೆಯ ಸೀಮೆ. ರಾಶಿ ಇಡಿಗೆ ಇಂದು ಎಷ್ಟು, ಬೆಟ್ಟೆಗೆ ಎಷ್ಟು ಎಂಬುದರ ಮೇಲೆ ಮನೆಯ ಮದುವೆ, ಮಕ್ಕಳ ಫೀಜು ಎರಡೂ ನಿಂತಿರುತ್ತವೆ. ಉಬ್ರಾಣಿ–ಅಮೃತಾಪುರ ಏತ ನೀರಾವರಿಯಲ್ಲಿ ಭದ್ರೆಯ ನೀರನ್ನು ಎತ್ತಿ ಕೆರೆಗಳಿಗೆ ತುಂಬಿಸುತ್ತಾರೆ. ಯಾವ ಕೆರೆಗೆ ನೀರು ಬಂತು, ಯಾವುದಕ್ಕೆ ಬರಲಿಲ್ಲ, ಪಂಪು ಯಾಕೆ ನಿಂತಿತು ಎಂಬುದನ್ನು ಬರೆಯುವವರು ಯಾರು? ದೆಹಲಿಯ ದೊಡ್ಡ ಬರಹಗಾರರಲ್ಲ. ತಾಲ್ಲೂಕಿನ ಬಾತ್ಮೀದಾರ ಬೈಕಿನಲ್ಲಿ ಸ್ವಂತ ಪೆಟ್ರೋಲು ಹಾಕಿಕೊಂಡು ಹೋಗಿ, ಏರಿಯ ಮೇಲೆ ನಿಂತು ನೋಡಿ ಬರೆಯಬೇಕು. ಅವನು ಬರೆದ ಸುದ್ದಿಗೆ ಸಿನಿಮಾ ತಾರೆಯ ವಿಚ್ಛೇದನಕ್ಕೆ ಸಿಕ್ಕುವಷ್ಟು ನೋಟಕರು ಸಿಕ್ಕುವುದಿಲ್ಲ. ತಲೆಯೆಣಿಕೆಯ ಲೆಕ್ಕದಲ್ಲಿ ಉಬ್ರಾಣಿಯ ಕೆರೆಗೆ ಬೆಲೆಯಿಲ್ಲ. ಚಂದಾದಾರನ ಲೆಕ್ಕದಲ್ಲಿ ಮಾತ್ರ ಅದಕ್ಕೆ ಬೆಲೆ ಬರಲು ಸಾಧ್ಯ.

ಆದುದರಿಂದ, ಕೊಡಬಲ್ಲವನು ಕೊಡತಕ್ಕದ್ದು. ಕೊಡುವುದಿರಲಿ, ಕದಿಯುವುದನ್ನೂ ನಾವು ಸಂಸ್ಕೃತಿಯೆಂದು ತಿಳಿದಿದ್ದೇವೆ. ಬೆಳಗಾದರೆ ವಾಟ್ಸಾಪು ಗುಂಪುಗಳಲ್ಲಿ ಹತ್ತು ಪತ್ರಿಕೆಗಳ ಪಿ.ಡಿ.ಎಫ್. ಹರಿದಾಡುತ್ತದೆ, ಹಂಚಿದವರಿಗೆ ಕೈಮುಗಿದ ಚಿತ್ರಗಳ ಸುರಿಮಳೆ. 2020ರ ಮೇ ತಿಂಗಳಲ್ಲಿ ದೆಹಲಿಯ ಹೈಕೋರ್ಟು, ಹಿಂದಿ ದೈನಿಕ 'ದೈನಿಕ್ ಜಾಗರಣ್'ನ ಇ-ಪತ್ರಿಕೆಯನ್ನು ಹೀಗೆ ಹಂಚುತ್ತಿದ್ದ ಗುಂಪುಗಳನ್ನು ತೆಗೆಯಬೇಕೆಂದು ಟೆಲಿಗ್ರಾಮಿಗೆ ಆಜ್ಞೆ ಮಾಡಿತು. ಆಜ್ಞೆಯಿಂದ ನಾಲ್ಕು ಗುಂಪು ಮುಚ್ಚಬಹುದು; ಅಭ್ಯಾಸ ಹೋಗದು. ಹೋಟೆಲಿನಲ್ಲಿ ಒಂದು ಹೊತ್ತಿನ ತಿಂಡಿಗೆ ನೂರಿನ ನೋಟು ಬಿಚ್ಚುವವರು, ತಿಂಗಳ ಸುದ್ದಿಗೆ ಅಷ್ಟನ್ನು ಕೇಳಿದರೆ ಬಡವನ ಹೆಸರು ಎತ್ತುತ್ತಾರೆ. ಬಡವನ ಹೆಸರಿನ ಇಷ್ಟು ಅಗ್ಗದ ಉಪಯೋಗ ಬೇರೊಂದಿಲ್ಲ.

ಇಷ್ಟು ಹೇಳಿದ ಮೇಲೆ, ಉಳಿದ ಕಾಲು ಪಾಲು ನ್ಯಾಯದ ಮಾತು.

ಅಚ್ಚಿನ ಪತ್ರಿಕೆಗೆ ಒಂದು ಗುಣವಿತ್ತು: ಒಬ್ಬ ಕೊಂಡರೆ ಹತ್ತು ಮಂದಿ ಓದುತ್ತಿದ್ದರು. ಕ್ಷೌರದಂಗಡಿ, ಚಹಾದಂಗಡಿ, ಊರ ವಾಚನಾಲಯ, ಎಲ್ಲೆಡೆಯೂ ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೂ ಅದನ್ನು ಕಳವೆನ್ನಲಿಲ್ಲ. ಚಂದಾದ ಗೋಡೆಗೆ ಈ ಗುಣವಿಲ್ಲ. ಅದು ಒಬ್ಬನ ಮೊಬೈಲಿಗೆ ಬಾಗಿಲು ತೆರೆದು ಉಳಿದ ಒಂಬತ್ತು ಮಂದಿಯನ್ನು ಹೊರಗೆ ನಿಲ್ಲಿಸುತ್ತದೆ. ನಮ್ಮ ತಾಲ್ಲೂಕಿನಲ್ಲಿಯೇ ಸೂಳೆಕೆರೆಯಿದೆ. ಶತಮಾನಗಳ ಹಿಂದೆ ಅದಕ್ಕೆ ಏರಿ ಕಟ್ಟಿದವರು ತೂಬನ್ನೂ ಇಟ್ಟರು. ಏರಿಯಿಲ್ಲದಿದ್ದರೆ ನೀರು ನಿಲ್ಲದು. ತೂಬಿಲ್ಲದಿದ್ದರೆ ನಿಂತ ನೀರು ಯಾವ ಗದ್ದೆಗೂ ಬಾರದು. ಇಂದಿನ ಪ್ರಕಾಶಕರು ಏರಿಯನ್ನೇನೋ ಕಟ್ಟುತ್ತಿದ್ದಾರೆ, ತೂಬನ್ನು ಮರೆತಿದ್ದಾರೆ.

ತೂಬು ಯಾವುದು? ಗ್ರಂಥಾಲಯ. ನಮ್ಮಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಇದೆ. ಮನೆ ಕಟ್ಟಡಗಳ ತೆರಿಗೆಯೊಡನೆ ಶೇಕಡ 6ರಂತೆ ಗ್ರಂಥಾಲಯ ಕರವನ್ನು ನಾವು ಕಟ್ಟುತ್ತ ಬಂದಿದ್ದೇವೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು; ಹಲವು ಕಡೆ ಕಂಪ್ಯೂಟರನ್ನೂ ಇಟ್ಟರು. ಆ ಕಂಪ್ಯೂಟರಿನಲ್ಲಿ ಕನ್ನಡದ ಎಲ್ಲ ದೈನಿಕಗಳೂ ಗೋಡೆಯಿಲ್ಲದೆ ತೆರೆಯುವಂತೆ, ಇಲಾಖೆ ರಾಜ್ಯಕ್ಕೆಲ್ಲ ಒಂದೇ ಚಂದಾ ಕಟ್ಟಲಿ. ಪ್ರಕಾಶಕರು ಅದಕ್ಕೆ ಹದವಾದ ದರ ಹೇಳಲಿ. ಅಚ್ಚಿನ ಪತ್ರಿಕೆಯನ್ನು ವಾಚನಾಲಯಕ್ಕೆ ತರಿಸುವಾಗ ನಡೆದ ವ್ಯವಹಾರವೇ ಇದು. ಕಾಗದ ಹೋಗಿ ತೆರೆ ಬಂದಿದೆ, ಅಷ್ಟೆ.

ಇನ್ನೆರಡು ಮಾತು. ನೆರೆ, ಸಾಂಕ್ರಾಮಿಕ ರೋಗ, ಪರೀಕ್ಷೆಯ ದಿನಾಂಕ, ಮಾರುಕಟ್ಟೆಯ ಧಾರಣೆ, ಇವನ್ನು ಯಾವ ಪತ್ರಿಕೆಯೂ ಗೋಡೆಯ ಒಳಗೆ ಇಡಕೂಡದು. ಸರ್ಕಾರವೂ ತನ್ನ ಕಡೆಯಿಂದ ಒಂದು ವಿಚಿತ್ರವನ್ನು ತಿದ್ದಬೇಕು: 2017ರಲ್ಲಿ ಜಿ.ಎಸ್.ಟಿ. ಬಂದಾಗ ಕಾಗದದ ಮೇಲಿನ ಸುದ್ದಿಗೆ ತೆರಿಗೆಯಿಲ್ಲವೆಂದರು, ಅಂತರ್ಜಾಲದ ಸುದ್ದಿಯ ಚಂದಾಕ್ಕೆ ಶೇಕಡ 18 ಹಾಕಿದರು. ಓದಿದರೆ ಸುದ್ದಿ ಒಂದೇ. ಓದಿಸುವ ವಸ್ತು ಬೇರೆಯಾದ ಮಾತ್ರಕ್ಕೆ ಅದು ವಿಲಾಸವಸ್ತುವಾಗುವುದು ಹೇಗೆ?

ನಗರದ ಓದುಗ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟು. ಬಡವನಿಗೆ ಸುದ್ದಿ ಸಿಕ್ಕಬೇಕೆಂಬುದು ನಿಮ್ಮ ನಿಜವಾದ ಕಳಕಳಿಯಾದರೆ, ಮೊದಲು ನಿಮ್ಮ ಚಂದಾ ಕಟ್ಟಿರಿ. ಆಮೇಲೆ ನೀವು ಕಟ್ಟಿದ ಗ್ರಂಥಾಲಯ ಕರ ಏನಾಯಿತೆಂದು ಇಲಾಖೆಗೆ ಒಂದು ಕಾಗದ ಬರೆಯಿರಿ. ಎರಡನ್ನೂ ಮಾಡದೆ ಬರಿದೆ ಗೋಡೆಯನ್ನು ಬೈಯುತ್ತ ಕುಳಿತರೆ, ನಾಳೆ ಗೋಡೆಯೂ ಇರುವುದಿಲ್ಲ, ಅದರ ಹಿಂದೆ ಓದತಕ್ಕದ್ದೂ ಇರುವುದಿಲ್ಲ.