ಮುಖ ನೋಡಿ ಮಾತ್ರೆ ಕೊಡಬೇಡಿ

ಎರಡು ವರ್ಷದ ಹಿಂದಿನ ಏಪ್ರಿಲ್. ಚಿಕ್ಕಮ್ಮನ ಮಗ ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ಮೇಣದ ತುಂಡು ತಂದಿದ್ದ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ದಾರದ ತುಣುಕಿನಂಥ ಎರಡು ಎಳೆ. ಚಿಕ್ಕಮ್ಮನ ಶ್ವಾಸಕೋಶದ ಗಡ್ಡೆಗೆ ಸೂಜಿ ಹಾಕಿ ತೆಗೆದದ್ದು. ಲ್ಯಾಬಿನವರು ಇದಕ್ಕೆ ‘ಬ್ಲಾಕ್’ ಅನ್ನುತ್ತಾರೆ. ದಾರಿಯುದ್ದಕ್ಕೂ ಒದ್ದೆ ಕರ್ಚೀಫಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಕೌಂಟರಿನಲ್ಲಿ ಅವನು ಕೇಳಿದ ಮೊದಲ ಮಾತು: ‘ಮೇಡಂ, ಬಿಸಿಲಿಗೆ ಕರಗಿರಲ್ಲ ತಾನೇ?’ ಆಕೆ ಸಮಾಧಾನ ಹೇಳಿದರು. ‘ಇಲ್ಲಪ್ಪ, ಈ ಬಿಸಿಲಿಗೆಲ್ಲ ಏನೂ ಆಗಲ್ಲ. ನಮ್ಮಲ್ಲಿ ಎಷ್ಟೋ ವರ್ಷದ ಹಳೇ ಬ್ಲಾಕ್‌ಗಳಿದಾವೆ.’

ಆ ತುಂಡು ಲ್ಯಾಬಿಗೆ ಬಾರದೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಚಿಕ್ಕಮ್ಮ ಬೀಡಿ ಸಿಗರೇಟು ಹಾಗಿರಲಿ, ಎಲೆಯಡಿಕೆಯನ್ನೂ ಹಾಕಿದವಳಲ್ಲ. ಬಿಡದ ಕೆಮ್ಮಿಗೆ ನಾಲ್ಕು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರು. ಕಫದಲ್ಲಿ ಕ್ಷಯದ ಕ್ರಿಮಿ ಒಮ್ಮೆಯೂ ಸಿಕ್ಕಿರಲಿಲ್ಲ. ಕೊನೆಗೆ ಬಯಾಪ್ಸಿಯಲ್ಲಿ ಅಡಿನೊಕಾರ್ಸಿನೋಮ ಎಂದು ಬಂತು. ನೋಡಿದ ಡಾಕ್ಟರು ಹೇಳಿದ್ದು: ‘ಹೆಂಗಸು, ಹೊಗೆ ಸೇದಿಲ್ಲ. ಇಂಥವರಿಗೆ ಜೆಫಿಟಿನಿಬ್ ಚೆನ್ನಾಗಿ ಹಿಡಿಯುತ್ತೆ. ಜೀನ್ ಟೆಸ್ಟಿಗೆ ಯಾಕೆ ದುಡ್ಡು ಹಾಕ್ತೀರಿ, ಮಾತ್ರೆ ಶುರು ಮಾಡೋಣ.’

ಆ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಜೆಫಿಟಿನಿಬ್ ಅಮೆರಿಕದಲ್ಲಿ 2003ರಲ್ಲಿ ಬಳಕೆಗೆ ಬಂದಾಗ ಹತ್ತರಲ್ಲಿ ಒಬ್ಬರಿಗೆ ಗಡ್ಡೆ ಕುಗ್ಗುತ್ತಿತ್ತು, ಉಳಿದವರಿಗೆ ಹಾಗೆ ಕುಗ್ಗುತ್ತಿರಲಿಲ್ಲ. ಹೆಂಗಸರಲ್ಲಿ, ಸೇದದವರಲ್ಲಿ, ಏಷ್ಯಾದವರಲ್ಲಿ ಗುಣ ಹೆಚ್ಚು. ಯಾಕೆಂದು ಗೊತ್ತಾದದ್ದು 2004ರಲ್ಲಿ, ಬಾಸ್ಟನ್‌ನ ಸಂಶೋಧಕರು ಗಡ್ಡೆಯ ಜೀನುಗಳನ್ನು ಓದಿದಾಗ. ಗುಣ ಕಂಡವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನು ಮಾರ್ಪಟ್ಟಿತ್ತು. ಕೋಶಕ್ಕೆ ‘ಬೆಳೆ’ ಎಂದು ಹೇಳುವ ಸ್ವಿಚ್ಚು ಅದು. ಮಾರ್ಪಾಟಾದರೆ ಆರುವುದೇ ಇಲ್ಲ. ಮಾತ್ರೆ ಆ ಸ್ವಿಚ್ಚನ್ನು ಆರಿಸುತ್ತದೆ. 2009ರಲ್ಲಿ ಐಪಾಸ್ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಅದರಲ್ಲಿದ್ದ 1,217 ಜನರೂ ಏಷ್ಯಾದಲ್ಲಿ ಚಿಕಿತ್ಸೆ ಪಡೆದವರು, ಹೆಚ್ಚಿನವರು ಹೆಂಗಸರು, ಬಹುತೇಕ ಎಲ್ಲರೂ ಎಂದೂ ಸೇದದವರು. ಮಾರ್ಪಾಟು ಇದ್ದವರಿಗೆ ಕೀಮೋಗಿಂತ ಮಾತ್ರೆಯೇ ಮೇಲಾಯಿತು. ಇಲ್ಲದವರಲ್ಲಿ ತಿರುವುಮುರುವು: ಮಾತ್ರೆ ನುಂಗಿದವರ ರೋಗ ಕೀಮೋ ಪಡೆದವರ ರೋಗಕ್ಕಿಂತ ಬಹಳ ಬೇಗ ಉಲ್ಬಣಿಸಿತು. ಮುಖ ನೋಡಿ ಮಣೆ ಹಾಕುವ ಪದ್ಧತಿ ಅಂದೇ ನಿಲ್ಲಬೇಕಿತ್ತು. ನಮ್ಮ ದೇಶದಲ್ಲಿ ಈ ಬಗೆಯ ಕ್ಯಾನ್ಸರಿನವರಲ್ಲಿ ಸುಮಾರು ನಾಲ್ವರಿಗೊಬ್ಬರಲ್ಲಿ ಇಜಿಎಫ್‌ಆರ್ ಮಾರ್ಪಾಟು ಸಿಗುತ್ತದೆ. ಟೆಸ್ಟಿಲ್ಲದೆ ಮಾತ್ರೆ ಕೊಟ್ಟರೆ ಉಳಿದ ಮೂವರ ಗತಿಯೇನು?

ಚಿಕ್ಕಮ್ಮ ಆ ಮೂವರಲ್ಲಿ ಒಬ್ಬಳು. ಇಜಿಎಫ್‌ಆರ್ ಇಲ್ಲ, ಆಲ್ಕ್ ಪಾಸಿಟಿವ್ ಎಂದು ರಿಪೋರ್ಟ್ ಬಂತು. ಎರಡು ಜೀನುಗಳು ತುಂಡಾಗಿ ತಪ್ಪು ಜಾಗದಲ್ಲಿ ಬೆಸೆದುಕೊಳ್ಳುವ ಈ ದೋಷವನ್ನು ಶ್ವಾಸಕೋಶದ ಗಡ್ಡೆಯಲ್ಲಿ ಜಪಾನಿನ ಹಿರೊಯುಕಿ ಮಾನೊ ತಂಡ 2007ರಲ್ಲಿ ಗುರುತಿಸಿತು. ನಾಲ್ಕೇ ವರ್ಷದಲ್ಲಿ ಅದಕ್ಕೆ ಕ್ರಿಜೋಟಿನಿಬ್ ಸಿದ್ಧವಾಯಿತು. ಆ ಮಾತ್ರೆ ಶುರುವಾದ ಮೂರನೇ ವಾರಕ್ಕೆ ಚಿಕ್ಕಮ್ಮನ ಕೆಮ್ಮು ನಿಂತಿತು. ಒಂದು ದಿನ ಫೋನಿನಲ್ಲಿ ಹೇಳಿದಳು: ‘ಬೆಳಗ್ಗೆ ಎದ್ದು ಲೈಟ್ ಹಾಕಿದ್ರೆ ಬೆಳಕಿಗೆ ಬಾಲ ಬಂದಹಾಗೆ ಕಾಣ್ತದೆ ಕಣಪ್ಪ.’ ಹೆದರಿ ಡಾಕ್ಟರನ್ನು ಕೇಳಿದೆ. ಈ ಮಾತ್ರೆ ತಗೊಳ್ಳುವ ಬಹಳ ಜನಕ್ಕೆ ಹಾಗಾಗುತ್ತದಂತೆ.

ಎಲ್ಲರಿಗೂ ಹೀಗೆ ಒದಗುವುದಿಲ್ಲ. ಎಷ್ಟೋ ಗಡ್ಡೆಗಳಲ್ಲಿ ಮಾತ್ರೆಯಿರುವ ದೋಷವೇ ಸಿಗುವುದಿಲ್ಲ. ಸಿಕ್ಕಿದರೂ ರೋಗ ಬೇರೆ ದಾರಿ ಹಿಡಿದು ಮರಳುತ್ತದೆ. ಆದರೆ ಹೊಂದದ ಮಾತ್ರೆಯಲ್ಲಿ ತಿಂಗಳುಗಳನ್ನು ಕಳೆದುಕೊಳ್ಳದಿರುವುದೂ ರೋಗಿಗೆ ದೊಡ್ಡ ಉಳಿತಾಯ.

2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆಯಿತು. ಇಜಿಎಫ್‌ಆರ್ ದೋಷಕ್ಕೆ ಕೊಡುವ ಒಸಿಮರ್ಟಿನಿಬ್ ಅದರಲ್ಲೊಂದು. ಒಳ್ಳೆಯ ಕೆಲಸ. ಆದರೆ ಆ ಮಾತ್ರೆ ಯಾರಿಗೆ ಹೊಂದುತ್ತದೆ ಎಂದು ಹೇಳಬೇಕಾದದ್ದು ಟೆಸ್ಟು. ಚಿಕ್ಕಮ್ಮನ ಟೆಸ್ಟಿಗೆ ಮನೆಯವರು ಕರೆಯುವ ಹಸುವನ್ನು ಮಾರಿದರು. ಟೆಸ್ಟು ಚಿಕಿತ್ಸೆಯ ಮೊದಲ ಹೆಜ್ಜೆ. ಇದರ ಬಿಲ್ಲನ್ನು ಬಡವರ ಕೈಗೆ ಕೊಡಬಾರದು. ಎಲ್ಲ ಜಿಲ್ಲೆಯಲ್ಲೂ ದೊಡ್ಡ ಯಂತ್ರ ಬೇಕೆಂದೇನೂ ಇಲ್ಲ. ಬಯಾಪ್ಸಿ ಮಾಡುವಾಗ ಸಾಕಷ್ಟು ಚೂರು ತೆಗೆದು, ಬ್ಲಾಕ್ ಮಾಡಿ, ಸರ್ಕಾರದ ಖರ್ಚಿನಲ್ಲಿ ದೊಡ್ಡ ಲ್ಯಾಬಿಗೆ ಕಳಿಸಿದರಾಯಿತು. ರೋಗಿ ಊರಲ್ಲೇ ಇರಬಹುದು, ಮೇಣ ಪ್ರಯಾಣ ಮಾಡುತ್ತದೆ.

ಲ್ಯಾಬಿನವರು ಬ್ಲಾಕ್ ವಾಪಸ್ ಕೊಟ್ಟಿದ್ದಾರೆ. ಚಿಕ್ಕಮ್ಮನ ಬೀರುವಿನಲ್ಲಿ ಪಹಣಿ, ಕ್ರಯಪತ್ರಗಳ ಪಕ್ಕ ಅದಿದೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಬಯಾಪ್ಸಿ ಆಗಿದ್ದರೆ, ರಿಪೋರ್ಟಿನ ಕಾಗದ ತಂದು ಸುಮ್ಮನಾಗಬೇಡಿ; ಬ್ಲಾಕ್ ಎಲ್ಲಿದೆ ಎಂದು ಕೇಳಿ.